ಬ್ಯಾಟರಿ ವೀಕಾಗಿದೆ ಸಾರ್!

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಯಾರ ಹತ್ತಿರವಾದರೂ ಹೇಳಿ ನೋಡಿ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: 'ಬ್ಯಾಟರಿ ವೀಕಾಗಿದೆ ಸಾರ್, ಹೊಸದು ಹಾಕ್ಬಿಡಿ.' ಈ ತೀರ್ಪನ್ನು ನಾನು ಒಂದೇ ವರ್ಷದಲ್ಲಿ ಎರಡು ಸಲ ತಲೆಬಾಗಿ ಒಪ್ಪಿಕೊಂಡು ದುಡ್ಡು ಎಣಿಸಿಕೊಟ್ಟವನು. ಆದ್ದರಿಂದ ಅದರ ವಿರುದ್ಧ ನಾಲ್ಕು ಮಾತಾಡುವ ಹಕ್ಕು ನನಗಿದೆ.

ನನ್ನದು ಹಳೆಯ ಮಾರುತಿ 800. ಸಾಗರದಿಂದ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನಲ್ಲಿ ಕಾರೆಂಬುದು ಶೋಕಿಯಲ್ಲ. ಹಾಡು ಮಾತ್ರ ಶೋಕಿಯೇ, ಒಪ್ಪುತ್ತೇನೆ. 2018ರ ದೀಪಾವಳಿಗೆ ಬಂದ ಮಗ, 'ಅಪ್ಪಯ್ಯ, ನಿನ್ನ ರೇಡಿಯೋ ಹಾಡೂದಿಲ್ಲ, ಕೆಮ್ಮುತ್ತು' ಎಂದು ಪೇಟೆಗೆ ಕರೆದೊಯ್ದು ಹೊಸ ಸ್ಟೀರಿಯೋ ಹಾಕಿಸಿದ. ಸೀಟಿನಡಿಗೆ ಒಂದು ಆಂಪ್ಲಿಫೈಯರ್ ಬೇರೆ. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ಭೀಮಸೇನ ಜೋಶಿಯವರ ಧ್ವನಿ ತೋಟದಾಚೆಗೂ ಕೇಳತೊಡಗಿತು.

ಅಂದಿನಿಂದ ಕಾರನ್ನು ಎರಡು ದಿನ ನಿಲ್ಲಿಸಿದರೆ ಸಾಕು, ಮೂರನೆಯ ದಿನ ಸೆಲ್ಫ್ ಕೊಟ್ಟಾಗ ಟಿಕ್ ಎಂದು ಒಂದು ಸದ್ದು, ಅಷ್ಟೇ. 2019ರ ಫೆಬ್ರವರಿಯಲ್ಲಿ ಹೊಸ ಬ್ಯಾಟರಿ ಬಂತು. ಆಗಸ್ಟಿನ ಆ ಭಾರೀ ಮಳೆಯಲ್ಲಿ ಒಂದು ರಾತ್ರಿ ನನ್ನ ಹೆಂಡತಿಗೆ ಉಬ್ಬಸ ಜೋರಾಯಿತು. ಕೀ ತಿರುಗಿಸಿದೆ. ಟಿಕ್. ಹಿತ್ತಿಲ ಮನೆಯವರ ಪಿಕಪ್ಪಿನಲ್ಲಿ, ಅಡಿಕೆ ಚೀಲಗಳ ಪಕ್ಕ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಬದುಕಿದಳು. ಆ ದಾರಿಯ ನಲವತ್ತು ನಿಮಿಷಗಳ ಬಗ್ಗೆ ಹೆಚ್ಚು ಬರೆಯಲಾರೆ.

ಬ್ಯಾಟರಿ ಆರು ತಿಂಗಳದ್ದು, ವಾರಂಟಿ ಇತ್ತು. ಅಂಗಡಿಯವರು ಹೇಳಿದರು: 'ಡಿಸ್ಚಾರ್ಜ್ ಆಗಿದ್ದಕ್ಕೆ ವಾರಂಟಿ ಬರೋದಿಲ್ಲ ಸಾರ್.' ಈ ಮಾತಿನ ಚಂದ ನೋಡಿ! ಯಾವುದೋ ಒಂದು ಬ್ಯಾಟರಿಯನ್ನು ಹೀರುತ್ತಿದೆಯೆಂದು ಅವರಿಗೆ ಗೊತ್ತು. ಗೊತ್ತಿದ್ದೂ, ಹೀರುವುದನ್ನು ಹಾಗೆಯೇ ಬಿಟ್ಟು, ಅದರ ಬಾಯಿಗೆ ಇನ್ನೊಂದು ಹೊಸ ಬ್ಯಾಟರಿ ಕೊಟ್ಟರು. ಜೊತೆಗೆ ಬಿಟ್ಟಿ ಸಲಹೆ: 'ರಾತ್ರಿ ಮೈನಸ್ ಟರ್ಮಿನಲ್ ಬಿಚ್ಚಿಡಿ.' ಒಂದು ತಿಂಗಳು ದೇವರ ದೀಪ ಹಚ್ಚಿದ ಮೇಲೆ ಸ್ಪ್ಯಾನರ್ ಹಿಡಿದು ಅದನ್ನೂ ಮಾಡಿದೆ.

ಕೊನೆಗೆ ಹೋದದ್ದು ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಲಾರಿ ವೈರಿಂಗ್ ಮಾಡುವ ಹಿರಿಯರೊಬ್ಬರ ಹತ್ತಿರ. ಅವರು ಕೀ ತೆಗೆಸಿ, ಬಾಗಿಲು ಮುಚ್ಚಿಸಿ, ಮೈನಸ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರ್ ಸಿಕ್ಕಿಸಿದರು. (ಹತ್ತು ಆಂಪಿಯರಿನ ತೂತಿಗೆ, ಹೀಗೆ ಸಿಕ್ಕಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ.) 0.62 ಎಂದು ತೋರಿಸಿತು. ಒಂದೊಂದೇ ಫ್ಯೂಸ್ ಕೀಳುತ್ತ ಬಂದರು. ರೇಡಿಯೋದ ಫ್ಯೂಸ್ ಕಿತ್ತಾಗ ಅಂಕಿ ಸೊನ್ನೆಯ ಹತ್ತಿರಕ್ಕೆ ಬಿತ್ತು. 'ಆಟ ಮುಗಿದ್ರೂ ಭಾಗವತರು ಎದ್ದು ಹೋಗಿಲ್ಲ ಮೇಷ್ಟ್ರೇ' ಎಂದರು.

ಸ್ಟೀರಿಯೋಕ್ಕೆ ಬರುವ ಹಳದಿ ತಂತಿಯಲ್ಲಿ ಸದಾ ಕರೆಂಟಿರುತ್ತದೆ. ಗಡಿಯಾರ, ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಕೆಂಪಿನಲ್ಲಿ ಕೀ ಹಾಕಿದಾಗ ಮಾತ್ರ. ನೀಲಿ ತಂತಿ ಸ್ಟೀರಿಯೋದಿಂದ ಹೊರಟು ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಸ್ಟೀರಿಯೋ ಮಲಗಿದರೆ ಅದೂ ಮಲಗುತ್ತದೆ. ನನ್ನ ಕಾರಿನಲ್ಲಿ ನೀಲಿಯನ್ನು ಹಾಗೇ ಬಿಟ್ಟು, ಎಬ್ಬಿಸುವ ತಂತಿಯನ್ನು ಹಳದಿಗೇ ಸುತ್ತಿ ಟೇಪು ಹಚ್ಚಿದ್ದರು. ಆಂಪ್ಲಿಫೈಯರಿಗೆ ಹತ್ತು ತಿಂಗಳಿಂದ ನಿದ್ದೆಯಿಲ್ಲ. ಬೆಳಗಿನ ಜಾವ ಸೀಟಿನಡಿ ಕೈಯಿಟ್ಟಿದ್ದರೆ ನನಗೇ ತಿಳಿಯುತ್ತಿತ್ತು. ದನದ ಹೊಟ್ಟೆಯ ಹಾಗೆ ಬೆಚ್ಚಗಿತ್ತಂತೆ!

ಲೆಕ್ಕ ಮಾಡಿ. 0.62 ಆಂಪಿಯರ್ ಇಪ್ಪತ್ನಾಲ್ಕು ಗಂಟೆ ಹರಿದರೆ ಸುಮಾರು 15 ಆಂಪಿಯರ್-ಅವರ್. ನನ್ನ ಬ್ಯಾಟರಿಯ ಒಟ್ಟು ಶಕ್ತಿಯೇ 35. ಎರಡು ದಿನಕ್ಕೆ ಉಳಿಯುವುದೇನು? ಕಾರಿನ ಬ್ಯಾಟರಿಯ ಸೀಸದ ತಟ್ಟೆಗಳು ತೆಳು. ಕ್ಷಣಮಾತ್ರ ನೂರಾರು ಆಂಪಿಯರ್ ಕೊಟ್ಟು ಕೂಡಲೇ ತುಂಬಿಸಿಕೊಳ್ಳಲು ಮಾಡಿದವು. ಪದೇ ಪದೇ ತಳ ಕಾಣುವವರೆಗೆ ಬರಿದು ಮಾಡಿದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಹೋದ ಶಕ್ತಿ ಮತ್ತೆ ಬಾರದು. ಆಮೇಲೆ ಅಂಗಡಿಯಲ್ಲಿ ಪರೀಕ್ಷಿಸಿದರೆ ವೀಕೆಂದೇ ತೋರಿಸುತ್ತದೆ, ಸುಳ್ಳಲ್ಲ. ಕೊಲೆಯಾದವನ ನಾಡಿ ಹಿಡಿದು, ಇವನಿಗೆ ಮೊದಲೇ ನಿಶ್ಶಕ್ತಿ ಇತ್ತು ಎಂದು ಬರೆದುಕೊಟ್ಟ ಹಾಗೆ.

ಅಂಗಡಿಯವರನ್ನಷ್ಟೇ ಬೈದು ಮುಗಿಸಬಹುದಿತ್ತು. ಆದರೆ ಫೆಬ್ರವರಿಯಲ್ಲೇ ನಾನು ಈ ಶೆಡ್ಡಿಗೆ ಹೋಗಿದ್ದೆ. 'ಅರ್ಧ ದಿನ ಬಿಟ್ಟು ಹೋಗಿ, ಹುಡುಕ್ತೀನಿ, ಇನ್ನೂರು ಕೊಡಿ' ಎಂದಿದ್ದರು. ಬರೀ ನೋಡುವುದಕ್ಕೆ ಇನ್ನೂರೇ ಎಂದು ಮುಖ ಸಿಂಡರಿಸಿ ಹೊರಟು, ಬ್ಯಾಟರಿ ಅಂಗಡಿಯಲ್ಲಿ ಮೂರು ಸಾವಿರದ ಮೇಲೆ ತುಟಿಪಿಟಕ್ಕೆನ್ನದೆ ಕೊಟ್ಟೆ. ಕೈಗೆ ಭಾರವಾಗಿ ಒಂದು ವಸ್ತು ಬಂದರೆ ಮಾತ್ರ ನಮಗೆ ದುಡ್ಡು ಸಾರ್ಥಕ. ಹುಡುಕುವ ಬುದ್ಧಿಗೆ ಕೂಲಿಯಿಲ್ಲ. ಅರ್ಧ ದಿನ ಕೂತು ದೋಷ ಹುಡುಕಿದವನಿಗೆ ಚೌಕಾಸಿ, ಹತ್ತು ನಿಮಿಷದಲ್ಲಿ ಡಬ್ಬಿ ಬದಲಿಸಿದವನಿಗೆ ನಮಸ್ಕಾರ. ಹೀಗಿರುವಾಗ ಮೀಟರ್ ಹಿಡಿಯುವುದನ್ನು ಯಾವ ಹುಡುಗ ಯಾಕೆ ಕಲಿತಾನು? ಸ್ಟೀರಿಯೋ ಅಂಗಡಿಯ ಹುಡುಗ ನೀಲಿ ತಂತಿ ಎಳೆಯುವ ಹತ್ತು ನಿಮಿಷ ಉಳಿಸಿದ್ದೂ ನಾವು ಹೊರಗೆ ನಿಂತು 'ಬೇಗ, ಬೇಗ' ಎನ್ನುತ್ತಿದ್ದುದರಿಂದಲೇ ಇರಬಹುದು.

ಹೊಸ ಕಾರುಗಳಲ್ಲಿ ಕಂಪ್ಯೂಟರುಗಳಿವೆ, ಅವು ಮಲಗಲು ಅರ್ಧ ಗಂಟೆ ಹಿಡಿಯಬಹುದು, ಕಾದು ಅಳೆಯಬೇಕು ಎನ್ನುತ್ತಾರೆ. ಕಾಯೋಣ. ಸಾಧಾರಣವಾಗಿ 0.05ರೊಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಹಾಡಿನ ಪೆಟ್ಟಿಗೆಯ ಫ್ಯೂಸನ್ನೇ ಮೊದಲು ಕಿತ್ತು ನೋಡಿ, ಅದರಲ್ಲೂ ಅದನ್ನು ಆಮೇಲೆ ಹಾಕಿಸಿದ್ದಾದರೆ. ಮೀಟರ್ ಹಿಡಿಯದೆ ಬ್ಯಾಟರಿ ಮಾರಲು ಬಂದವನಿಗೆ, 'ಮೊದಲು ಅಳೆದು ತೋರಿಸಪ್ಪ, ಕೂಲಿ ಕೊಡುತ್ತೇನೆ' ಎನ್ನಿ.

ತಂತಿ ಸರಿ ಮಾಡಿದ ಮೇಲೆ ಮೀಟರ್ ತೋರಿಸಿದ್ದು 0.02. ನಾನು ಕೊಟ್ಟದ್ದು ಅದೇ ಇನ್ನೂರು. ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಆ ಎರಡನೆಯ ಬ್ಯಾಟರಿ 2023ರವರೆಗೆ ಬಂತು. ಬದಲಿಸಲು ಹೋದಾಗ ಅಂಗಡಿಯವರು ಅದರ ಮೇಲಿನ ತಾರೀಖು ಓದಿ ಹಿಗ್ಗಿದರು: 'ನೋಡಿದ್ರಾ ಸಾರ್, ನಮ್ಮ ಮಾಲು ಅಂದ್ರೆ ಹೀಗೆ!'