ಗೊಂಬೆಯ ಕಾಲಡಿಯ ನೆಲ

ನವರಾತ್ರಿ ಹತ್ತಿರ ಬಂತೆಂದರೆ ಜಯನಗರ, ಬನಶಂಕರಿಯ ಹಲವು ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು ವರ್ಷದ ನಿದ್ದೆ ಮುಗಿಸಿ ಹೊರಬರುತ್ತವೆ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನೂ ದೇವರುಗಳನ್ನೂ ಕೂರಿಸುವ ಕೆಲಸ ಅಜ್ಜಿ, ಅಮ್ಮಂದಿರದು. ಮೆಟ್ಟಿಲುಗಳ ಮುಂದಿನ ನೆಲ ಮಾತ್ರ ಮಕ್ಕಳದು. ಅಲ್ಲಿ ಪಾರ್ಕು, ಮೃಗಾಲಯ, ಹಳ್ಳಿ, ಬೆಟ್ಟ ಎಲ್ಲವೂ ಏಳುತ್ತವೆ. ಈ ಸಲ ಅಲ್ಲೊಂದು ಕೋಟೆಯ ಮೂಲೆ ಏಳಲಿ.

ಕೈಯಲ್ಲಿ ಒನಕೆ ಹಿಡಿದು ನಿಂತ ಹೆಂಗಸಿನ ಗೊಂಬೆಯೊಂದು ಇದೆಯೆನ್ನಿ. ಮೆಟ್ಟಿಲ ಮೇಲೆ ಇಟ್ಟರೆ ಆಕೆ ಭತ್ತ ಕುಟ್ಟುವ ಯಾವಳೋ ಗೃಹಿಣಿ. ಅವಳ ಪಕ್ಕದಲ್ಲಿ ಎರಡು ಬಂಡೆ, ನಡುವೆ ಒಂದು ಕಿರಿದಾದ ಕಿಂಡಿ, ಕಾಲ ಬಳಿ ಒಂದು ನೀರಿನ ಕೊಡ ಇಟ್ಟು ನೋಡಿ. ನೋಡಿದವರು ಯಾರೂ ಕೇಳುವುದಿಲ್ಲ. ಆಕೆ ಚಿತ್ರದುರ್ಗದ ಓಬವ್ವ. ಗೊಂಬೆ ಯಾರೆಂದು ಹೇಳುವುದು ಅದರ ಕಾಲಡಿಯ ನೆಲ.

ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕಾವಲುಗಾರನ ಹೆಂಡತಿಯಾಗಿದ್ದ ಓಬವ್ವ ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋಗಿ, ಕಿಂಡಿಯೊಳಗಿಂದ ನುಸುಳುತ್ತಿದ್ದ ಶತ್ರುಗಳನ್ನು ಕಂಡು ಒನಕೆಯಿಂದ ಹೊಡೆದ ಕಥೆ ನಾಡಿಗೆಲ್ಲ ಗೊತ್ತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರ ಆಕೆಯನ್ನು ಮನೆಮನೆಗೆ ತಂದಿತು. ಕೊನೆಗೆ 1779ರಲ್ಲಿ ಕೋಟೆ ಹೈದರನ ವಶವಾಯಿತು. ಕಿಂಡಿಗೆ ಮಾತ್ರ ಓಬವ್ವನ ಹೆಸರೇ ಉಳಿಯಿತು.

ಮೊದಲು ಲೆಕ್ಕ, ಆಮೇಲೆ ಅಂಟು

ಗೊಂಬೆಯ ಎತ್ತರ 4 ಅಂಗುಲ, ಓಬವ್ವನ ಎತ್ತರ 5 ಅಡಿ ಎಂದುಕೊಂಡರೆ ಗೊಂಬೆಯ ಲೋಕ ನಮ್ಮದಕ್ಕಿಂತ 15 ಪಟ್ಟು ಚಿಕ್ಕದು. ಇನ್ನು ಮೇಲೆ ಎಲ್ಲಕ್ಕೂ ಇದೇ ಅಳತೆ. ಎರಡೂವರೆ ಅಡಿಯ ಕಿಂಡಿ 2 ಅಂಗುಲ. 15 ಅಡಿಯ ಬಂಡೆ 1 ಅಡಿ. ಐದಡಿಯ ಒನಕೆಗೆ ಹಳೆಯ ಪೇಂಟಿಂಗ್ ಬ್ರಷ್ಷಿನ ಹಿಡಿಕೆಯಿಂದ 4 ಅಂಗುಲ ಕತ್ತರಿಸಿಕೊಂಡರೆ ಸಾಕು. ಅರ್ಧ ಅಂಗುಲದ ಜಲ್ಲಿ ಕಲ್ಲು ಆ ಲೋಕದಲ್ಲಿ ಏಳೂವರೆ ಅಂಗುಲದ ಗುಂಡು.

ಗೊಂಬೆ ಹಬ್ಬದಲ್ಲಿ ಹುಲ್ಲಿಗೆಂದು ರಾಗಿ ಮೊಳಕೆ ಬೆಳೆಸುವುದು ಹಳೆಯ ಪದ್ಧತಿ. ಎರಡು ಅಂಗುಲ ಬೆಳೆದ ಮೊಳಕೆ ಈ ಲೆಕ್ಕದಲ್ಲಿ ಎರಡೂವರೆ ಅಡಿ, ಗೊಂಬೆಯ ಸೊಂಟದಷ್ಟು. ಅದು ಹುಲ್ಲಲ್ಲ, ರಾಗಿಯ ಹೊಲವೇ ಆಯಿತು! ಬಂಡೆಗಳ ಹಿಂದೆ ಒಂದು ಹೊಲವಾಗಿ ಇಟ್ಟರೆ ಚೆನ್ನ. ಓಬವ್ವನ ಕಾಲ ಬಳಿ ಮಾತ್ರ ಬೇಡ. ಪುಸ್ತಕದಲ್ಲಿ ಬೇಸರ ತರಿಸುವ ಅನುಪಾತದ ಪಾಠ ಇಲ್ಲಿ ತಾನಾಗಿ ತಲೆಗೆ ಹತ್ತುತ್ತದೆ.

ಬಂಡೆ ಏಳುವ ಬಗೆ

ತಳಕ್ಕೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಪ್ಲೈವುಡ್ ತುಂಡು ಬೇಕು. ಬಡಗಿಯ ಬಳಿ ಕೇಳಿದರೆ ಹಲಗೆಯ ಜೊತೆ ಒಂದು ಚೀಲ ಮರದ ಹೊಟ್ಟೂ ಸಿಕ್ಕೀತು. ರಟ್ಟು ಬೇಡ, ಒದ್ದೆಯಾದರೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಹಳೆಯ ಪತ್ರಿಕೆಗಳನ್ನು ಉಂಡೆ ಮಾಡಿ, ದಾರ ಸುತ್ತಿ, ಬಂಡೆಯ ಆಕಾರಕ್ಕೆ ಒಂದರ ಮೇಲೊಂದು ಅಂಟಿಸಬೇಕು. ಇನ್ನಷ್ಟು ಕಾಗದವನ್ನು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ರುಬ್ಬಿ, ಹಿಂಡಿ, ಮೈದಾ ಅಂಟು ಮತ್ತು ಮರದ ಹೊಟ್ಟಿನೊಂದಿಗೆ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅದರ ಮೇಲೆ ಮೆತ್ತಬೇಕು. ಇದು ಹೊಸ ವಿದ್ಯೆಯೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟು, ಗೋಣಿಯ ನಾರು, ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ವನ್ನೇ ತಮ್ಮ ಗೊಂಬೆಗಳ ಮೈಗೆ ಮೆತ್ತುತ್ತಾರೆ.

ಒಂದೇ ಸಲ ದಪ್ಪ ಮೆತ್ತಬಾರದು. ತೆಳುವಾದ ಒಂದು ಪದರ, ಎರಡು ಮೂರು ದಿನದ ಬಿಸಿಲು, ಮತ್ತೆ ಒಂದು ಪದರ. ಅವಸರಪಟ್ಟು ಹಸಿಯ ಮೇಲೆ ಬಣ್ಣ ಬಳಿದರೆ ಬೂಸ್ಟು ಹಿಡಿಯುತ್ತದೆ. ಒಣಗುವಾಗ ಬಿರುಕು ಬಿಟ್ಟರೆ ಅಳಬೇಕಾಗಿಲ್ಲ, ಬಂಡೆಗೆ ಬಿರುಕೇ ಚೆಂದ. ಥರ್ಮೋಕೋಲ್ ಸುಲಭ ನಿಜ. ಆದರೆ ಅದರ ಪುಡಿ ಮನೆಯಿಡೀ ಹಾರಿ, ಹಬ್ಬ ಮುಗಿದ ಮೇಲೆ ಮೋರಿ ಸೇರುತ್ತದೆ. ಮಣ್ಣಿನಲ್ಲಿ ಕರಗುವುದೂ ಇಲ್ಲ.

ಬಣ್ಣಕ್ಕೆ ಮುನ್ನ ಒಂದು ನಡಿಗೆ

ಮಕ್ಕಳಿಗೆ ಬಂಡೆಯ ಬಣ್ಣ ಯಾವುದೆಂದರೆ ಬೂದು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಬಂಡೆಗೋ, ಜಯನಗರ 9ನೇ ಬ್ಲಾಕಿನ ರಾಗಿಗುಡ್ಡಕ್ಕೋ ಕರೆದೊಯ್ದು ಮತ್ತೆ ಕೇಳಬೇಕು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹತ್ತಿರದಿಂದ ನೋಡಿದರೆ ಬಿಳಿ, ಕಪ್ಪು ಪಟ್ಟಿಗಳು. ಮಳೆನೀರು ಹರಿದ ಕಡೆ ಕರಿ ಗೆರೆಗಳು. ಅಲ್ಲಲ್ಲಿ ಕಲ್ಲುಹೂವಿನ ಮಾಸಲು ಹಸಿರು. ರಾಗಿಯ ರಾಶಿಯೇ ಕಲ್ಲಾಯಿತೆಂಬುದು ರಾಗಿಗುಡ್ಡದ ಸ್ಥಳಪುರಾಣ. ಚಿತ್ರದುರ್ಗದ ಬಂಡೆಗಳು ಇವಕ್ಕಿಂತ ಗುಂಡಗೆ, ಒಂದರ ಮೇಲೊಂದು ಪೇರಿಸಿಟ್ಟಂತೆ. ಆದರೆ ಮಳೆ ಬಿಸಿಲು ಕಲ್ಲಿನ ಮೇಲೆ ಬರೆಯುವ ರೀತಿ ಎಲ್ಲ ಕಡೆಯೂ ಒಂದೇ.

ಮನೆಗೆ ಬಂದು ಬಂಡೆಗೆಲ್ಲ ಮೊದಲು ಗಾಢ ಬೂದು ಬಳಿದು ಒಣಗಿಸಬೇಕು. ಆಮೇಲೆ ಬ್ರಷ್ಷನ್ನು ತಿಳಿ ಬೂದಿಗೆ ಅದ್ದಿ, ಹಳೆಯ ಬಟ್ಟೆಗೆ ಚೆನ್ನಾಗಿ ಒರೆಸಿ, ಬಹುತೇಕ ಒಣಗಿದ ಬ್ರಷ್ಷನ್ನು ಮೇಲೆ ಮೇಲೆ ಆಡಿಸಬೇಕು. ಉಬ್ಬುಗಳು ಬೆಳಗುತ್ತವೆ, ತಗ್ಗುಗಳು ಕತ್ತಲಾಗಿಯೇ ಉಳಿಯುತ್ತವೆ. ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧದಾಟದ ಬಗ್ಗೆ ‘ಲಿಟ್ಲ್ ವಾರ್ಸ್’ ಪುಸ್ತಕ ಬರೆದರು. ಆ ಹವ್ಯಾಸದವರು ಇಂದಿಗೂ ಹೆಬ್ಬೆರಳಿನ ಗಾತ್ರದ ಸೈನಿಕನ ಕಾಲಡಿಗೆ ಕಲ್ಲು, ಮಣ್ಣು ಮಾಡುವುದು ಇದೇ ಉಪಾಯದಿಂದ.

ನೆಲಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಕೆಮ್ಮಣ್ಣು ಉದುರಿಸಬೇಕು. ಕಿಂಡಿಯ ಬಳಿಯ ತಣ್ಣೀರು ದೋಣಿಗೆ ಕನ್ನಡಿ ಚೂರೊಂದು ಸಾಕು; ಅದರ ಅಂಚಿಗೆ ಮಣ್ಣು ಮೆತ್ತುವ ಕೆಲಸ ದೊಡ್ಡವರದು. ರಾಗಿಯನ್ನು ವಾರ ಮೊದಲೇ ಬೇರೆ ತಟ್ಟೆಯಲ್ಲಿ ಬಿತ್ತಬೇಕು. ಅದರ ನೀರು ಕಾಗದದ ಬಂಡೆಗೆ ತಾಗಬಾರದು.

ಎಲ್ಲಿ ನಿಲ್ಲಿಸುವುದು?

ಕೊನೆಯ ಪ್ರಶ್ನೆಯೇ ದೊಡ್ಡದು. ಓಬವ್ವ ಕಿಂಡಿಗೆ ಎದುರಾಗಿ ನಿಂತರೆ ಕಥೆ ಕೆಟ್ಟಿತು. ಒಳಬರುವವನಿಗೆ ಆಕೆ ಕಾಣಬಾರದು. ಪಕ್ಕದ ಬಂಡೆಗೆ ಒತ್ತಿಕೊಂಡು ನಿಲ್ಲಬೇಕು. ಕೊಡ ಕೆಳಗೆ ಉರುಳಿರಬೇಕು. ಕಿಂಡಿಯಿಂದ ಒಂದೇ ಒಂದು ರುಮಾಲು ಇಣುಕಿದರೆ ಸಾಕು. ರಕ್ತ, ಹೆಣ ಯಾವುದೂ ಬೇಡ.

ಇದನ್ನು ಮಗುವೇ ಯೋಚಿಸಿ ತೀರ್ಮಾನಿಸಲಿ. ಅಪ್ಪ ಅಮ್ಮಂದಿರಿಗೆ ಇಲ್ಲೇ ಪರೀಕ್ಷೆ. ಬಂಡೆ ಸೊಟ್ಟಗಾಯಿತೆಂದು ರಾತ್ರಿ ಮಗು ಮಲಗಿದ ಮೇಲೆ ತಿದ್ದುವ ಚಪಲ ಯಾರಿಗಾದರೂ ಬಂದೀತು. ತಿದ್ದಿದರೆ ಬೆಳಿಗ್ಗೆಯ ಹೊತ್ತಿಗೆ ಅದು ಅಪ್ಪನ ಕೋಟೆಯಾಗಿರುತ್ತದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ನೆರೆಮನೆಯವರು “ಕೊಡ ಯಾಕೆ ಬಿದ್ದಿದೆ ಪುಟ್ಟಾ?” ಎಂದು ಕೇಳಿದಾಗ ಉತ್ತರ ಹೇಳಬೇಕಾದದ್ದು ಅದನ್ನು ಅಲ್ಲಿ ಉರುಳಿಸಿಟ್ಟ ಕೈಯೇ.