ವಿದೇಶ ವ್ಯಾಸಂಗಕ್ಕೆ ಹೊರಡುವ ಮುನ್ನ

ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ಕಾಲಕ್ಕೆ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಸ್ನಾತಕೋತ್ತರ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೋಗಬೇಕೆಂದಿದ್ದೇನೆ, ಹೇಗೆ ಸಿದ್ಧನಾಗಬೇಕು? ಕೇಳುವವರು ಬಯಸುವುದು ಸಾಮಾನ್ಯವಾಗಿ ಪರೀಕ್ಷೆಗಳ ಹೆಸರು, ಶುಲ್ಕದ ಮೊತ್ತ, ವೀಸಾದ ಕ್ರಮ, ಇವಿಷ್ಟನ್ನೇ. ಇವು ಬೇಕಾದ ಸಂಗತಿಗಳೇ ಸರಿ. ಆಯಾ ವಿಶ್ವವಿದ್ಯಾನಿಲಯದ ಪ್ರಕಟಣೆಯಲ್ಲಿ ದೊರೆಯುತ್ತವೆ. ಆದರೆ ಇವನ್ನೇ ಸಿದ್ಧತೆಯೆಂದು ಭಾವಿಸಿ ಮನೆಯವರ ಹಣವನ್ನೂ ತಮ್ಮ ಕಾಲವನ್ನೂ ವ್ಯಯಮಾಡುವ ತರುಣರನ್ನು ಕಂಡಾಗ ನಮಗೆ ಮರುಕವುಂಟಾಗುತ್ತದೆ.

ಹೋದ ವರ್ಷ ಪಾವಗಡದ ಕಡೆಯ ತರುಣನೊಬ್ಬನು ನಮ್ಮಲ್ಲಿಗೆ ಬಂದಿದ್ದನು. ರಸಾಯನಶಾಸ್ತ್ರವನ್ನು ಓದಿ ಬಿ.ಎಸ್‌ಸಿ. ಮುಗಿಸಿದವನು. ಕೈಯಲ್ಲಿ ದಪ್ಪನೆಯ ಕಡತ: ಅಂಕಪಟ್ಟಿಗಳು, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ತಂದೆಯ ಜಮೀನನ್ನು ಆಧಾರವಾಗಿಟ್ಟು ಬ್ಯಾಂಕಿನಿಂದ ಪಡೆಯಲಿದ್ದ ಸಾಲದ ಕಾಗದಗಳು, ಮತ್ತು ಅರ್ಜಿಯೊಡನೆ ಕಳುಹಿಸಬೇಕಾದ ಉದ್ದೇಶಪತ್ರ. ಈ ಪತ್ರವನ್ನು ಬರೆದವನು ಅವನಲ್ಲ, ಏಜೆಂಟರೊಬ್ಬರು ಬರೆಸಿಕೊಟ್ಟಿದ್ದರು. ಬಾಲ್ಯದಿಂದಲೂ ತನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿಯೆಂದೂ, ಜಗದ್ವಿಖ್ಯಾತ ವಿದ್ಯಾಲಯದಲ್ಲಿ ಕಲಿಯುವುದೇ ತನ್ನ ಕನಸೆಂದೂ ಅದರಲ್ಲಿತ್ತು. ಹೆಸರನ್ನಷ್ಟು ಬದಲಿಸಿದರೆ ಯಾರಿಗಾದರೂ ಒಪ್ಪುವಂಥ ಪತ್ರ.

"ಅಲ್ಲಿಗೆ ಹೋಗಿ ಏನನ್ನು ತಿಳಿಯಬೇಕೆಂದಿದ್ದೀಯಪ್ಪ?" ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಸಂಕೋಚದಿಂದ ಬೇರೆಯೇ ಒಂದು ಸಂಗತಿಯನ್ನು ಹೇಳತೊಡಗಿದನು. ಅವನ ಊರಿನಲ್ಲಿ ಎರಡು ಕೊಳವೆ ಬಾವಿಗಳಿವೆ, ನಡುವೆ ಒಂದು ಫರ್ಲಾಂಗೂ ಇಲ್ಲ. ಒಂದರ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಫ್ಲೋರೈಡ್. ಇನ್ನೊಂದರಲ್ಲಿ 3 ಮಿಲಿಗ್ರಾಂಗಿಂತ ಹೆಚ್ಚು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 1. ಬೇರೆ ನೀರೇ ಸಿಕ್ಕದಿದ್ದರೆ 1.5ರವರೆಗೆ ಒಪ್ಪಬಹುದು. ಎಂಟು ತಿಂಗಳ ಕಾಲ ಈತನು ಬಾಟಲಿಗಳಲ್ಲಿ ನೀರನ್ನು ತುಂಬಿಕೊಂಡು ಬಸ್ಸಿನಲ್ಲಿ ಕಾಲೇಜಿಗೆ ತಂದು ಅಳೆದಿದ್ದನು. ಗ್ರಾನೈಟಿನ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದರೊಡನೆ ಕೂಡಿ ಕರಗದ ಲವಣವಾಗಿ ಬೇರ್ಪಡುತ್ತದೆ, ಇಲ್ಲದಿದ್ದರೆ ನೀರಿನಲ್ಲೇ ಉಳಿಯುತ್ತದೆ. ಇಷ್ಟನ್ನು ಅವನು ಪುಸ್ತಕದಲ್ಲಿ ಓದಿದ್ದನು. ಆದರೆ ಒಂದೇ ಬಂಡೆಯ ಮೇಲೆ ಕುಳಿತಿರುವ ಊರಿನಲ್ಲಿ ಎರಡು ಬಾವಿಗಳಿಗೆ ಇಷ್ಟು ಅಂತರವೇಕೆ? ಅಜ್ಜಿಯ ಬಾಗಿದ ಬೆನ್ನಿಗೆ ಈ ನೀರೇ ಕಾರಣವೆಂದು ವೈದ್ಯರು ಹೇಳಿದ್ದರಂತೆ.

ಇದನ್ನೇಕೆ ಪತ್ರದಲ್ಲಿ ಬರೆಯಲಿಲ್ಲವೆಂದು ಕೇಳಿದರೆ, "ಅದು ಹಳ್ಳಿಯ ಸಣ್ಣ ವಿಷಯ ಸಾರ್, ಬೇಡ ಅಂದರು" ಎಂದನು.

ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಆ ಕಡತದಲ್ಲಿ ಇಲ್ಲದಿದ್ದ ಆ ಬಾಟಲಿಗಳೇ ಅವನ ನಿಜವಾದ ಸಿದ್ಧತೆ. ಉತ್ತರ ದೊರೆಯದ ಒಂದು ಪ್ರಶ್ನೆಯೂ ಅದರ ಮೇಲೆ ತಾನೇ ಮಾಡಿದ ಒಂದಿಷ್ಟು ಕೆಲಸವೂ ಇಲ್ಲದೆ ಹೊರಡುವವನು ವಿದ್ಯಾರ್ಥಿಯಾಗಿಯಲ್ಲ, ಗಿರಾಕಿಯಾಗಿ ಹೋಗುತ್ತಾನೆ.

ಇದು ಹೊಸ ಮಾತೇನೂ ಅಲ್ಲ. 1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೊಮ್ಮರ್‌ಫೆಲ್ಡ್ ಮದರಾಸಿಗೆ ಬಂದಾಗ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ ಚಂದ್ರಶೇಖರ್ ಅವರನ್ನು ಹೋಗಿ ಕಂಡರು. ಸೊಮ್ಮರ್‌ಫೆಲ್ಡರ ಗ್ರಂಥವನ್ನು ಓದಿ ಅರಗಿಸಿಕೊಂಡಿದ್ದೇನೆಂಬ ಧೈರ್ಯ ಅವರಿಗಿತ್ತು. ಆ ಗ್ರಂಥ ಬಂದ ಮೇಲೆ ಭೌತವಿಜ್ಞಾನವೇ ಬದಲಾಗಿದೆಯೆಂದು ಗ್ರಂಥಕರ್ತರೇ ಹೇಳಿದರು! ಹುಡುಗ ಎದೆಗುಂದಲಿಲ್ಲ, ಹೊಸ ಸಿದ್ಧಾಂತವನ್ನು ತಾನೇ ಕಲಿತು ಒಂದು ಲೇಖನವನ್ನು ಸಿದ್ಧಪಡಿಸಿ ಕೇಂಬ್ರಿಜ್ಜಿನ ಫೌಲರ್ ಅವರಿಗೆ ಕಳುಹಿಸಿದನು. 1929ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1930ರಲ್ಲಿ ಮುಂಬಯಿಯಿಂದ ಹಡಗನ್ನೇರಿದಾಗ ಅವರು ಹೋಗುತ್ತಿದ್ದುದು ಅದೇ ಫೌಲರ್ ಅವರ ಬಳಿಗೆ, ಮತ್ತು ತಲೆಯಲ್ಲಿದ್ದುದು ಫೌಲರ್ ಅವರೇ ಎತ್ತಿಕೊಂಡಿದ್ದ ಶ್ವೇತಕುಬ್ಜ ನಕ್ಷತ್ರಗಳ ಸಮಸ್ಯೆ. ಅಂಥ ನಕ್ಷತ್ರದ ದ್ರವ್ಯರಾಶಿಗೆ ಒಂದು ಮಿತಿಯಿದೆಯೆಂಬ ಲೆಕ್ಕವನ್ನು ಹಡಗಿನಲ್ಲಿಯೇ ಮಾಡಿದರು. ಆಗ ಅವರ ವಯಸ್ಸು 19. ಸೂರ್ಯನ ಸುಮಾರು 1.4ರಷ್ಟೆಂದು ಇಂದು ನಾವು ಬಲ್ಲ ಆ ಮಿತಿಗೆ ಅವರ ಹೆಸರೇ ನಿಂತಿದೆ.

ಅವರು ಅಸಾಧಾರಣರು, ನಮಗೇಕೆ ಆ ಮಾತು ಎನ್ನಬಹುದು. ಹಾಗಾದರೆ ಪ್ರಯೋಗಶಾಲೆಯಲ್ಲಿ ಕೈಪಳಗಿಸಿಕೊಂಡವರ ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನೇ ನಿರಾಕರಿಸಲ್ಪಟ್ಟ ಕಮಲಾ ಸೊಹೋನಿಯವರು, ಹಟಹಿಡಿದು ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದರು. ಆಮೇಲೆ ಕೇಂಬ್ರಿಜ್ಜಿಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್-ಸಿ ಇದೆಯೆಂಬುದನ್ನು ಆಲೂಗೆಡ್ಡೆಯ ಅಧ್ಯಯನದಿಂದ ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಬೇಳೆಯಿಂದ ಆಲೂಗೆಡ್ಡೆಗೆ ದಾರಿ ಬಹಳ ದೂರವಲ್ಲ.

ಇನ್ನು ಹಣದ ಮಾತು. ಇದನ್ನು ತಿಳಿಯದೆ ಜಮೀನು ಅಡವಿಡುವವರು ಅನೇಕರಿರುವುದರಿಂದ ಹೇಳಲೇಬೇಕು. ಅಮೆರಿಕದಲ್ಲಿ ಮಾಸ್ಟರ್ಸ್ ಪದವಿಗೆ ಸೇರುವವರು ಸಾಮಾನ್ಯವಾಗಿ ಶುಲ್ಕವನ್ನು ತಾವೇ ತೆರಬೇಕು. ವಿಜ್ಞಾನದಲ್ಲಿ ನೇರವಾಗಿ ಪಿಎಚ್.ಡಿ.ಗೆ ಸೇರುವವರಿಗಾದರೋ ಬೋಧನೆಯ ಅಥವಾ ಸಂಶೋಧನೆಯ ಸಹಾಯಕ ಕೆಲಸಕ್ಕೆ ಪ್ರತಿಯಾಗಿ ಶುಲ್ಕದ ವಿನಾಯಿತಿಯೂ ಜೀವನವೇತನವೂ ದೊರೆಯುವುದೇ ವಾಡಿಕೆ. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ನಮ್ಮ ಮೂರು ವರ್ಷದ ಪದವಿಯನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕಾಗಿ ಅನೇಕ ವಿದೇಶೀ ವಿದ್ಯಾಲಯಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆಂಬುದನ್ನೂ ನೆನಪಿನಲ್ಲಿಡಬೇಕು. ನಮ್ಮ ತರುಣನಿಗೆ ಆರಿಸಿಕೊಟ್ಟಿದ್ದುದು ಬ್ರಿಟನ್ನಿನ ಒಂದು ವರ್ಷದ ವ್ಯಾಸಂಗ. ಅದರ ಪಠ್ಯಕ್ರಮವನ್ನು ಅವನೊಡನೆ ಕುಳಿತು ಕಡೆಯವರೆಗೆ ಓದಿದೆವು. ಅಂತರ್ಜಲವೆಂಬ ಮಾತೇ ಅದರಲ್ಲಿರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ವಿಷಯದಲ್ಲಿ ಅಂಜುವುದುಂಟು. ಆ ತರುಣನ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ತನ್ನ ಬಾವಿಗಳ ವಿಚಾರವನ್ನು ಇಂಗ್ಲಿಷಿನಲ್ಲಿ ಹೇಳೆಂದಾಗ ಹತ್ತು ನಿಮಿಷ ತಡವರಿಸುತ್ತಲೇ ಹೇಳಿದನು, ನಮಗೆ ಎಲ್ಲವೂ ತಿಳಿಯಿತು.

ಅವನು ಸಾಲವನ್ನು ತೆಗೆದುಕೊಳ್ಳಲಿಲ್ಲ. ಒಂದು ವರ್ಷ ತಡೆದು ನೀರಿನ ಪರೀಕ್ಷಾಲಯವೊಂದರಲ್ಲಿ ಕೆಲಸಕ್ಕೆ ಸೇರಿ, ತನ್ನ ಅಳತೆಗಳ ಪಟ್ಟಿಯೊಡನೆ ಅಂತರ್ಜಲವನ್ನು ಅಭ್ಯಾಸಮಾಡುವ ಆರು ಮಂದಿ ಅಧ್ಯಾಪಕರಿಗೆ ಪತ್ರ ಬರೆದನು. ಐವರು ಉತ್ತರಿಸಲಿಲ್ಲ. ಜರ್ಮನಿಯಿಂದ ಒಬ್ಬರು ಎರಡೇ ಸಾಲು ಬರೆದರು: ಬಾವಿಗಳ ಆಳವೆಷ್ಟು? ಅದನ್ನು ಅವನು ಗುರುತುಹಾಕಿಕೊಂಡಿರಲೇ ಇಲ್ಲ. ಊರಿಗೆ ಹೋಗಿ, ಬಾವಿ ಕೊರೆದವರನ್ನು ಹುಡುಕಿ ವಿಚಾರಿಸಿ, ಮೊನ್ನೆ ನಮಗೂ ತಿಳಿಸಿದ್ದಾನೆ: ಒಂದು 240 ಅಡಿ, ಇನ್ನೊಂದು 820.