ಮನೆಯೊಳಗಿನ ಕೋವಿ: ಗುಂಡು ತಾನಾಗಿ ಹಾರುವುದಿಲ್ಲ

‘ಆಕಸ್ಮಿಕವಾಗಿ ಗುಂಡು ಹಾರಿ ಸಾವು’ ಎಂಬ ತಲೆಬರಹವನ್ನು ಪತ್ರಿಕೆಗಳ ಒಳಪುಟಗಳಲ್ಲಿ ನಾವು ಆಗಾಗ ಓದುತ್ತೇವೆ. ‘ಅಯ್ಯೋ ಪಾಪ’ ಎಂದು ಒಂದು ನಿಟ್ಟುಸಿರು ಬಿಡುತ್ತೇವೆ, ಪುಟ ತಿರುವುತ್ತೇವೆ. ‘ಮಿಸ್ ಫೈರ್ ಆಯಿತಂತೆ’ ಎಂದು ಅಂಗಡಿ ಜಗಲಿಯಲ್ಲಿ ನಾಲ್ಕು ಮಾತು ನಡೆಯುತ್ತವೆ. ಅಲ್ಲಿಗೆ ವಿಷಯ ಮುಗಿಯಿತು. ಆದರೆ ಕೋವಿಯ ಗುಂಡು ತಾನಾಗಿ ಹಾರುತ್ತದೆಯೇ? ಯಾರೋ ಅದರಲ್ಲಿ ಗುಂಡು ತುಂಬಿದ್ದಾರೆ, ಯಾರೋ ಅದನ್ನು ಕೈಗೆ ಸಿಗುವಂತೆ ಇಟ್ಟಿದ್ದಾರೆ, ಮತ್ಯಾರೋ ಅದನ್ನು ಎತ್ತಿಕೊಂಡಿದ್ದಾರೆ. ಈ ಮೂರೂ ಸೇರಿದಾಗ ನಡೆಯುವುದನ್ನು ನಾವು ‘ಆಕಸ್ಮಿಕ’ ಎಂದು ಕರೆದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಪದದ ಹಿಂದೆ ಅಡಗಿರುವ ಅಜಾಗ್ರತೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾದ ಕಾಲ ಬಂದಿದೆ.

ಎರಡು ಘಟನೆಗಳು

2024ರ ಅಕ್ಟೋಬರ್ 1ರಂದು ಮುಂಜಾನೆ ಮುಂಬೈಯ ಜುಹೂವಿನಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರು ಪ್ರಯಾಣಕ್ಕೆ ಹೊರಡುವ ತಯಾರಿಯಲ್ಲಿದ್ದರು. ತಮ್ಮ ಪರವಾನಗಿ ಹೊಂದಿದ ರಿವಾಲ್ವರನ್ನು ಕಪಾಟಿನಲ್ಲಿ ಇಡುತ್ತಿದ್ದಾಗ ಅದು ಕೈಜಾರಿ, ಗುಂಡು ಹಾರಿ ಕಾಲಿಗೆ ತಗುಲಿತು ಎಂದು ಅಂದು ವರದಿಯಾಯಿತು. ವೈದ್ಯರು ಗುಂಡನ್ನು ಹೊರತೆಗೆದರು. ಅವರು ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು. ಪ್ರಾಣಾಪಾಯ ಆಗಲಿಲ್ಲ ಎಂಬುದೇ ದೊಡ್ಡ ಭಾಗ್ಯ.

2025ರ ಫೆಬ್ರವರಿಯಲ್ಲಿ ನಮ್ಮದೇ ರಾಜ್ಯದ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನಲ್ಲಿ ಅಂತಹ ಭಾಗ್ಯ ಇರಲಿಲ್ಲ. ಅಲ್ಲಿನ ಕೋಳಿ ಫಾರಂ ಒಂದರಲ್ಲಿ ಕೆಲಸಕ್ಕೆಂದು ಪಶ್ಚಿಮ ಬಂಗಾಳದಿಂದ ಬಂದ ಕುಟುಂಬ ವಾಸವಾಗಿತ್ತು. ಫಾರಂನಲ್ಲಿದ್ದ ಕೋವಿಯನ್ನು ಹದಿಹರೆಯದ ಬಾಲಕನೊಬ್ಬ ಆಟಕ್ಕೆಂದು ಎತ್ತಿಕೊಂಡ. ಗುಂಡು ಹಾರಿ ಪುಟ್ಟ ಮಗು ಪ್ರಾಣ ಕಳೆದುಕೊಂಡಿತು, ತಾಯಿಯೂ ಗಾಯಗೊಂಡರು. ಹೊಟ್ಟೆಪಾಡಿಗಾಗಿ ಸಾವಿರಾರು ಮೈಲು ದೂರದಿಂದ ಬಂದ ಬಡವರ ಮನೆಯ ದೀಪ ಹೀಗೆ ಆರಿಹೋಯಿತು. ಕೋವಿಗೆ ಬೀಗ ಹಾಕಿದ್ದರೆ? ತೋಟೆಯನ್ನು ಬೇರೆ ಕಡೆ ಇಟ್ಟಿದ್ದರೆ? ಇವೆರಡರಲ್ಲಿ ಒಂದನ್ನು ಮಾಡಿದ್ದರೂ ಆ ಮಗು ಇಂದು ಆಡುತ್ತಿತ್ತು.

ಒಂದು ಕಡೆ ಪ್ರಖ್ಯಾತ ನಟ, ಇನ್ನೊಂದು ಕಡೆ ಹೆಸರಿಲ್ಲದ ಕೂಲಿ ಕುಟುಂಬ. ಎರಡೂ ಕಡೆ ಗುಂಡು ತುಂಬಿದ ಆಯುಧ ಮನೆಯೊಳಗಿತ್ತು. ಗುಂಡು ತುಂಬಿರದಿದ್ದರೆ ಕೈಜಾರಿ ಬಿದ್ದ ರಿವಾಲ್ವರಿನಿಂದ ನೆಲಕ್ಕೆ ಬಡಿದ ಸದ್ದು ಮಾತ್ರ ಕೇಳಿಸುತ್ತಿತ್ತು.

ಆಯುಧದ ಒಳಗೆ ನಡೆಯುವುದೇನು?

ಸಣ್ಣ ಆಯುಧವೆಂದರೆ ಅಪಾಯವೂ ಸಣ್ಣದು ಎಂಬ ಭ್ರಮೆ ಅನೇಕರಲ್ಲಿದೆ. ವಾಸ್ತವ ಇದಕ್ಕೆ ವಿರುದ್ಧ. ಕೋವಿಯ ನಳಿಗೆ ಉದ್ದ; ಅದು ಯಾವ ಕಡೆಗೆ ತಿರುಗಿದೆ ಎಂದು ಎಲ್ಲರಿಗೂ ಕಾಣುತ್ತದೆ. ಪಿಸ್ತೂಲು ಅಥವಾ ರಿವಾಲ್ವರ್ ಹಿಡಿದವನ ಮಣಿಕಟ್ಟು ಸ್ವಲ್ಪ ಹೊರಳಿದರೂ ಸಾಕು, ಅದರ ಬಾಯಿ ಪಕ್ಕದಲ್ಲಿ ಕುಳಿತವರ ಎದೆಗೆ ತಿರುಗಿರುತ್ತದೆ.

ಹಳೆಯ ಮಾದರಿಯ ಹಲವು ರಿವಾಲ್ವರುಗಳಲ್ಲಿ ಹ್ಯಾಮರ್ ಎಂಬ ಬಡಿಯುವ ಭಾಗವು ನೇರವಾಗಿ ಗುಂಡಿನ ಹಿಂಬದಿಗೆ ತಾಗಿಕೊಂಡೇ ಇರುತ್ತದೆ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಟ್ರಿಗರ್ ಎಳೆಯದೆಯೂ ಗುಂಡು ಹಾರಬಹುದು. ಆ ಕಾರಣಕ್ಕೇ ಹಿಂದಿನವರು ಆರು ಗುಂಡು ಹಿಡಿಯುವ ರಿವಾಲ್ವರಿನಲ್ಲಿ ಐದನ್ನೇ ತುಂಬಿ, ಹ್ಯಾಮರಿನ ಎದುರಿನ ಕೋಣೆಯನ್ನು ಖಾಲಿ ಬಿಡುತ್ತಿದ್ದರು. ಇತ್ತೀಚಿನ ಮಾದರಿಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇದೆ. ಆದರೆ ತಂದೆಯಿಂದ, ಅಜ್ಜನಿಂದ ಬಂದ ಆಯುಧದಲ್ಲಿ ಅದು ಇದೆಯೇ ಎಂದು ಎಷ್ಟು ಮಂದಿ ಪರಿಶೀಲಿಸಿದ್ದಾರೆ?

ಪಿಸ್ತೂಲಿನ ಅಪಾಯ ಬೇರೆ ಬಗೆಯದು. ಅದರ ಹಿಡಿಯೊಳಗೆ ಗುಂಡುಗಳ ಮ್ಯಾಗಜಿನ್ ಇರುತ್ತದೆ. ಮ್ಯಾಗಜಿನ್ ಹೊರತೆಗೆದ ಕೂಡಲೇ ಪಿಸ್ತೂಲು ಖಾಲಿಯಾಯಿತೆಂದು ಜನ ಭಾವಿಸುತ್ತಾರೆ. ಆದರೆ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಆ ಒಂದು ಗುಂಡೇ ಪ್ರಾಣ ತೆಗೆಯಲು ಸಾಕು. ಆದುದರಿಂದ ಮೊದಲು ಮ್ಯಾಗಜಿನ್ ತೆಗೆಯಬೇಕು, ಬಳಿಕ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಒಳಗಿನ ಗುಂಡನ್ನು ಹೊರಹಾಕಬೇಕು, ಕೊನೆಗೆ ಬೆಳಕಿನಲ್ಲಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಈ ಕ್ರಮ ತಪ್ಪಿದರೆ, ಮೇಲ್ಭಾಗ ಎಳೆದಾಗ ಮ್ಯಾಗಜಿನಿನಿಂದ ಮತ್ತೊಂದು ಗುಂಡು ಒಳಗೆ ಸೇರಿಕೊಳ್ಳುತ್ತದೆ. ಶುಚಿ ಮಾಡುವಾಗ ಸಂಭವಿಸುವ ಅನೇಕ ದುರಂತಗಳ ಮೂಲ ಇಲ್ಲಿದೆ.

ಮದ್ದು ಜಡಿದು ಕೇಪು ಇಡುವ ಹಳೆಯ ಕೋವಿಗಳ ಕಥೆ ಇನ್ನೂ ಕಷ್ಟದ್ದು. ಒಮ್ಮೆ ತುಂಬಿದ ಮದ್ದನ್ನು ಸುಲಭವಾಗಿ ಹೊರತೆಗೆಯಲಾಗುವುದಿಲ್ಲ. ಹಂದಿಗೆಂದು ರಾತ್ರಿ ತುಂಬಿದ ಈಡು, ಹಂದಿ ಬಾರದಿದ್ದರೆ ಹಾಗೆಯೇ ಮನೆಗೆ ಮರಳುತ್ತದೆ.

ಬುದ್ಧಿಮಾತು ಸಾಕೇ?

‘ನಮ್ಮ ಮಕ್ಕಳು ಹಾಗಲ್ಲ, ಮುಟ್ಟಬೇಡ ಎಂದರೆ ಮುಟ್ಟುವುದಿಲ್ಲ’ ಎಂದು ಹೆತ್ತವರು ಹೇಳುವುದುಂಟು. ಈ ನಂಬಿಕೆಯನ್ನು ಅಮೆರಿಕದ ಅಟ್ಲಾಂಟದಲ್ಲಿ ವೈದ್ಯರು ಪರೀಕ್ಷೆಗೆ ಒಡ್ಡಿದರು. 8ರಿಂದ 12 ವರ್ಷದ ಗಂಡುಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಂದು ಕೋಣೆಯಲ್ಲಿ ಬಿಟ್ಟು, ಅಲ್ಲಿನ ಡ್ರಾವರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲನ್ನು ಇರಿಸಿದ್ದರು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶ ಕಣ್ಣು ತೆರೆಸುವಂತಹುದು. ಪಿಸ್ತೂಲನ್ನು ಕಂಡುಕೊಂಡ 21 ಗುಂಪುಗಳಲ್ಲಿ 16 ಗುಂಪಿನವರು ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಒಬ್ಬನಾದರೂ ಟ್ರಿಗರ್ ಎಳೆದ. ಹೀಗೆ ಮಾಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಯುಧವನ್ನು ಮುಟ್ಟಬಾರದೆಂದು ಮೊದಲೇ ತಿಳಿಹೇಳಲಾಗಿತ್ತು!

ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. 2003ರಿಂದ 2021ರ ತನಕ ಅದರ ದಾಖಲೆಗೆ ಬಂದ, ಉದ್ದೇಶಪೂರ್ವಕವಲ್ಲದ ಗುಂಡೇಟಿನಿಂದ ಸತ್ತ 18ಕ್ಕಿಂತ ಕೆಳಗಿನ ವಯಸ್ಸಿನ ಮಕ್ಕಳ ಸಂಖ್ಯೆ 1,262. ಇವುಗಳಲ್ಲಿ ಶೇಕಡಾ 85ರಷ್ಟು ಸಾವುಗಳು ಮನೆಗಳಲ್ಲೇ ಸಂಭವಿಸಿದವು. ಆಯುಧವನ್ನು ಇಟ್ಟ ರೀತಿ ತಿಳಿದುಬಂದ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರರಲ್ಲಿ ಅದಕ್ಕೆ ಬೀಗವಿರಲಿಲ್ಲ. ಬಹುತೇಕ ಅಷ್ಟೇ ಪ್ರಮಾಣದಲ್ಲಿ ಗುಂಡು ತುಂಬಿಯೇ ಇಡಲಾಗಿತ್ತು. ಮಕ್ಕಳ ಕೈಗೆ ಅದು ಸಿಕ್ಕಿದ್ದು ಹೆಚ್ಚಾಗಿ ಮಲಗುವ ಕೋಣೆಯಲ್ಲಿ, ಹಾಸಿಗೆಯ ಬದಿಯಲ್ಲಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಮ್ಮ ಮನೆಯಲ್ಲಿ ಪಿಸ್ತೂಲು ಇಲ್ಲದಿರಬಹುದು. ಮಗು ಆಟಕ್ಕೆ ಹೋಗುವ ನೆರೆಮನೆಯಲ್ಲಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೈಚೀಲದ ಆಯುಧ

2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆ ಮಹಿಳೆಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ ಹಗುರವಾದ ರಿವಾಲ್ವರನ್ನು ಹೊರತಂದಿತು. ಕೈಚೀಲದಲ್ಲಿ ಒಯ್ಯಬಹುದು ಎಂಬ ಪ್ರಚಾರ ಅದಕ್ಕೆ ದೊರಕಿತು. ಅದೇ ವರ್ಷದ ಡಿಸೆಂಬರ್ ಕೊನೆಗೆ ಅಮೆರಿಕದ ಇಡಾಹೊ ರಾಜ್ಯದಲ್ಲಿ ಅಂಗಡಿಯೊಂದಕ್ಕೆ ಹೋದ ತಾಯಿಯ ಕೈಚೀಲಕ್ಕೆ ಅವಳ 2 ವರ್ಷದ ಮಗ ಕೈಹಾಕಿದ. ಒಳಗೆ ಅವಳದ್ದೇ ಪಿಸ್ತೂಲು ಇತ್ತು. ಗುಂಡು ಹಾರಿ ತಾಯಿ ಅಲ್ಲೇ ಪ್ರಾಣಬಿಟ್ಟಳು. ಎರಡು ವರ್ಷದ ಮಗುವಿನ ಬೆರಳಿಗೂ ಟ್ರಿಗರ್ ಎಳೆಯುವಷ್ಟು ಬಲವಿದೆ ಎಂಬುದನ್ನು ನಾವು ಮರೆಯಬಾರದು. ರಕ್ಷಣೆಗೆಂದು ತಂದ ಆಯುಧ ಮನೆಯವರನ್ನೇ ಬಲಿ ತೆಗೆದುಕೊಂಡರೆ ಅದು ಬೇಲಿಯೇ ಎದ್ದು ಹೊಲ ಮೇಯ್ದಂತೆ.

ನಮ್ಮ ಊರಿನ ಪರಿಸ್ಥಿತಿ

ಕರಾವಳಿ ಮತ್ತು ಮಲೆನಾಡಿನ ಕೃಷಿಕರು ಕೋವಿ ಇಟ್ಟುಕೊಳ್ಳುವುದು ಶೋಕಿಗಾಗಿ ಅಲ್ಲ. ಹಂದಿ, ಮಂಗ, ಮುಳ್ಳುಹಂದಿಗಳ ಉಪಟಳ ಅನುಭವಿಸಿದವರಿಗೇ ಗೊತ್ತು. ಬೆಳೆ ರಕ್ಷಣೆಯ ಪರವಾನಗಿಗೆ ತನ್ನದೇ ಆದ ಅಗತ್ಯವಿದೆ. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರ ತನಕ ಮುಂದುವರಿಸಿದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶದ ವಿರುದ್ಧ ಕೃಷಿಕರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಇದೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಕೋವಿಯ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುವುದು ಚುನಾವಣೆ ಬಂದಾಗ ಮಾತ್ರ ಎಂಬುದು ಖೇದಕರ. ಕೋವಿ ಮನೆಯಲ್ಲಿರುವ ಉಳಿದ ದಿನಗಳಲ್ಲಿ ಅದು ಎಲ್ಲಿದೆ, ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಇಂದು ನಮ್ಮ ಅನೇಕ ಮನೆಗಳಲ್ಲಿ ವೃದ್ಧ ತಂದೆತಾಯಿ ಮಾತ್ರ ಇದ್ದಾರೆ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ. ಏಪ್ರಿಲ್-ಮೇ ರಜೆಗೆ ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಆಯುಧವನ್ನು ಟಿ.ವಿ.ಯಲ್ಲಿ, ಮೊಬೈಲ್ ಆಟದಲ್ಲಿ ಮಾತ್ರ ಕಂಡ ಮಕ್ಕಳಿಗೆ ಅಜ್ಜನ ಮನೆಯ ಗೋಡೆಯಲ್ಲಿ ತೂಗುವ ಕೋವಿ ಎಷ್ಟು ಆಕರ್ಷಕ ಎಂದು ಹೇಳಬೇಕಾಗಿಲ್ಲ.

ಕಾನೂನು ಹೇಳುವುದೇನು?

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 21 ವರ್ಷ ತುಂಬದವರಿಗೆ ಪರವಾನಗಿ ಸಿಗದು. 2016ರ ನಿಯಮಗಳು ಆಯುಧವನ್ನು ಸುರಕ್ಷಿತವಾಗಿ ಬಳಸುವ ಮತ್ತು ಇಡುವ ತರಬೇತಿಯ ಬಗ್ಗೆ ಹೇಳುತ್ತವೆ. 2019ರ ತಿದ್ದುಪಡಿಯಿಂದ ಒಬ್ಬರು ಹೊಂದಬಹುದಾದ ಆಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಜೀವಕ್ಕೆ ಅಪಾಯವಾಗುವಂತೆ ಅಜಾಗ್ರತೆಯಿಂದ, ಅಥವಾ ಸಂಭ್ರಮಾಚರಣೆಗೆಂದು ಗುಂಡು ಹಾರಿಸಿದರೆ 2 ವರ್ಷದ ತನಕ ಸಜೆ, 1 ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ ಇವೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ ಶಿಕ್ಷೆ 5 ವರ್ಷದ ತನಕ. ಹಿಂದೆ ಇದು 2 ವರ್ಷವಿತ್ತು. ಅಂದರೆ ‘ಆಕಸ್ಮಿಕ’ ಎಂಬ ಒಂದೇ ಮಾತಿನಿಂದ ಕಾನೂನಿನ ಎದುರು ಪಾರಾಗಲು ಸಾಧ್ಯವಿಲ್ಲ.

ಪರವಾನಗಿ ಹೊಂದಿದವರು ತೀರಿಕೊಂಡರೆ ಮನೆಯವರು ಕೋವಿಯನ್ನು ಅಟ್ಟಕ್ಕೆ ಏರಿಸಿ ಸುಮ್ಮನಿರುವಂತಿಲ್ಲ. ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬಹುದು. 70 ವರ್ಷ ತುಂಬಿದ ಹಿರಿಯರು ತಮ್ಮ ಜೀವಿತಕಾಲದಲ್ಲೇ ವಾರಸುದಾರರಿಗೆ ವರ್ಗಾಯಿಸಲೂ ನಿಯಮದಲ್ಲಿ ಅವಕಾಶವಿದೆ.

ಮನೆಯಲ್ಲಿ ಪಾಲಿಸಬೇಕಾದುದು

ಇವು ಖರ್ಚಿನ ಕೆಲಸಗಳಲ್ಲ. ಮನೆಯೊಳಗೆ ಕಾಲಿಡುವ ಮೊದಲೇ ಆಯುಧ ಖಾಲಿಯಾಗಿರಲಿ. ಆಯುಧ ಒಂದು ಬೀಗದಲ್ಲಿ, ಗುಂಡು ಅಥವಾ ತೋಟೆ ಇನ್ನೊಂದು ಕಡೆ ಇನ್ನೊಂದು ಬೀಗದಲ್ಲಿ ಇರಲಿ. ಕೀಲಿಕೈ ಪರವಾನಗಿ ಉಳ್ಳವರ ಬಳಿ ಮಾತ್ರ ಇರಲಿ. ಕಪಾಟಿನ ಮೇಲೆ, ದಿಂಬಿನಡಿ ಬೇಡ. ಖಾಲಿ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ಭಾವಿಸಿ, ಸ್ವತಃ ನೋಡಿ. ಯಾರ ಕಡೆಗೂ, ತಮಾಷೆಗೂ, ನಳಿಗೆ ತಿರುಗಿಸಬೇಡಿ. ಗುಂಡು ಹಾರಿಸುವ ಕ್ಷಣದ ತನಕ ಬೆರಳು ಟ್ರಿಗರಿನ ಹೊರಗಿರಲಿ. ಶುಚಿ ಮಾಡುವಾಗ ಆ ಕೋಣೆಯಲ್ಲಿ ಗುಂಡೂ ಇರಬಾರದು, ಮಕ್ಕಳೂ ಇರಬಾರದು. ತೋಟದಲ್ಲಿ ಬೇಲಿ ಹಾರುವಾಗ, ಕಟ್ಟ ಏರುವಾಗ, ಜೀಪು ಹತ್ತುವಾಗ ತೋಟೆ ತೆಗೆದಿಡಿ. ಕುಡಿದವರ ಕೈಗೆ ಆಯುಧ ಕೊಡಬೇಡಿ. ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಮರೆವಿನ ಕಾಯಿಲೆ ಇದ್ದರೆ, ಕೆಲಕಾಲ ಆಯುಧವನ್ನು ಮನೆಯಿಂದ ಹೊರಗೆ ಕಾನೂನುಬದ್ಧವಾಗಿ ಠೇವಣಿ ಇಡುವುದೇ ಕ್ಷೇಮ.

ಒಂದು ವೇಳೆ ಗುಂಡು ತಗುಲಿದರೆ, ಶುಭ್ರ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿದು 108 ಅಥವಾ 112ಕ್ಕೆ ಕರೆ ಮಾಡಿ. ಗುಂಡು ಕೀಳಲು ಹೋಗಬೇಡಿ. ಪರವಾನಗಿ ಇಲ್ಲದ ಕೋವಿ, ಪೊಲೀಸು ಕೇಸು ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡ ಮಾಡಿದರೆ, ಉಳಿಸಬಹುದಾದ ಜೀವವನ್ನೂ ಕಳೆದುಕೊಳ್ಳುತ್ತೇವೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ಮನೆಮನೆಗೆ ಭೇಟಿ ನೀಡುವ ನಮ್ಮ ವಾಳೆಯ ಗುರಿಕಾರರು, ಕುಟುಂಬ ಆಯೋಗದ ಕಾರ್ಯಕರ್ತರು ಔಷಧಿ, ಪಿಂಚಣಿಗಳ ಬಗ್ಗೆ ವಿಚಾರಿಸುವಂತೆಯೇ ‘ಕೋವಿ ಎಲ್ಲಿಟ್ಟಿದ್ದೀರಿ, ಬೀಗ ಇದೆಯೇ?’ ಎಂದೂ ಮೆಲ್ಲನೆ ಕೇಳಲಿ. ಹಿರಿಯರು ಇದನ್ನು ಅವಮಾನವೆಂದು ತಿಳಿಯದಿರಲಿ. ಈ ಬಾರಿ ರಜೆಗೆ ಮೊಮ್ಮಕ್ಕಳು ಬರುವ ಮೊದಲು ಕೋವಿ ಗೋಡೆಯಿಂದ ಇಳಿದು ಬೀಗದೊಳಗೆ ಸೇರಲಿ, ತೋಟೆ ಬೇರೆಯಾಗಲಿ. ಹತ್ತು ನಿಮಿಷದ ಈ ಕೆಲಸವನ್ನು ನಾಳೆಗೆ ಮುಂದೂಡದಿರೋಣ.